ನೀರು ತಾನಾಗಿ ಮೇಲಕ್ಕೆ ಹರಿಯುತ್ತದೆಯೇ?

ಡಚ್ ಕಲಾವಿದ ಎಂ. ಸಿ. ಎಶರ್ (1898–1972) 1961ರಲ್ಲಿ ‘ಜಲಪಾತ’ ಎಂಬ ಕಲ್ಲಚ್ಚಿನ ಚಿತ್ರ ರಚಿಸಿದರು. ಅದರಲ್ಲಿ ಧುಮುಕಿದ ನೀರು ಚಕ್ರ ತಿರುಗಿಸಿ, ಕಾಲುವೆಯಲ್ಲಿ ಇಳಿಯುತ್ತಾ ಹೋಗಿ, ಮತ್ತೆ ಜಲಪಾತದ ತುದಿಗೇ ಸೇರುತ್ತದೆ! ನಾರಾಯಣಪುರ ಬಲದಂಡೆ ಕಾಲುವೆಯನ್ನು ಬಲ್ಲ ದೇವದುರ್ಗ, ಅರಕೇರಾ ಭಾಗದ ರೈತರು ಇದನ್ನು ನಂಬಲಾರರು. ಆದರೂ ಚಿತ್ರದಲ್ಲಿ ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಏಕೆ?

ಇದರ ಹಿಂದೆ ಗಣಿತವಿದೆ. ಲಯೋನೆಲ್ ಪೆನ್‌ರೋಸ್ ಮತ್ತು ಅವರ ಮಗ ರೋಜರ್ 1958ರಲ್ಲಿ ಪ್ರಕಟಿಸಿದ ‘ಅಸಾಧ್ಯ ತ್ರಿಕೋನ’ವನ್ನು ಎಶರ್ ಇಲ್ಲಿ ಬಳಸಿದ್ದಾರೆ. ಆ ತ್ರಿಕೋನದ ಒಂದೊಂದು ಮೂಲೆಯೂ ಸರಿಯಾಗಿಯೇ ಇದೆ. ಮೂರೂ ಸೇರಿದಾಗ ಮಾತ್ರ ಅದು ನಿಜದಲ್ಲಿ ಇರಲಾರದ ವಸ್ತು. ಕಾಗದದಲ್ಲಿ ಆಳವಿಲ್ಲ. ಗೆರೆಗಳನ್ನು ನೋಡಿ ನಮ್ಮ ಮಿದುಳು ಆಳವನ್ನು ಊಹಿಸುತ್ತದೆ. ಅದು ಒಂದೊಂದೇ ಭಾಗವನ್ನು ಒಪ್ಪುತ್ತಾ ಹೋಗುವುದರಿಂದ ಒಟ್ಟು ಲೆಕ್ಕ ತಪ್ಪಿದ್ದು ತಿಳಿಯುವುದಿಲ್ಲ.

ಚಿತ್ರದ ಹೊರಗೂ ಹೀಗಾಗುತ್ತದೆ. ಲೇಹ್ ಬಳಿಯ ‘ಮ್ಯಾಗ್ನೆಟಿಕ್ ಹಿಲ್’ನಲ್ಲಿ ನ್ಯೂಟ್ರಲ್‌ನಲ್ಲಿಟ್ಟ ವಾಹನ ಏರು ಹತ್ತಿದಂತೆ ಕಾಣುತ್ತದೆ. ಅಲ್ಲಿ ಅಯಸ್ಕಾಂತದ ಮಹಿಮೆ ಏನೂ ಇಲ್ಲ. ಸುತ್ತಲಿನ ಬೆಟ್ಟಗಳ ಓರೆಯಿಂದಾಗಿ ಇಳಿಜಾರೇ ಏರಿನಂತೆ ತೋರುತ್ತದೆ, ಅಷ್ಟೇ.

ಇದಕ್ಕೆ ಮದ್ದು ನಮ್ಮ ಗೌಂಡಿಗಳಿಗೆ ಗೊತ್ತು. ಅವರು ಕಣ್ಣಳತೆಯನ್ನು ನಂಬದೆ, ನೀರು ತುಂಬಿದ ಪೈಪ್ ಹಿಡಿದು ಮಟ್ಟ ನೋಡುತ್ತಾರೆ. ‘ಇಂಧನವಿಲ್ಲದೆ ಸದಾ ಓಡುವ ಯಂತ್ರ’ದ ವಿಡಿಯೋ ತೋರಿಸಿ ಯಾರಾದರೂ ಹಣ ಕೇಳಿದರೆ ನಾವೂ ಹಾಗೆಯೇ ಮಾಡೋಣ: ಮೊದಲು ಅಳೆಯೋಣ, ಆಮೇಲೆ ನಂಬೋಣ.