ಪಾರ್ಕಿಗಿಂತ ಮೊದಲು ನೂಲು ಕೊಡಿ

ಬೃಹತ್ ಜವಳಿ ಪಾರ್ಕುಗಳಿಂದಲೇ ಉದ್ಯಮ ಬೆಳೆಯುತ್ತದೆ, ಸಣ್ಣ ಮಗ್ಗಗಳು ಮುಚ್ಚಿದರೂ ನಷ್ಟವಿಲ್ಲ ಎಂಬ ಕಳೆದ ವಾರದ ಲೇಖನವನ್ನು ತೆಲಸಂಗದಲ್ಲಿ ಕುಳಿತು ಓದಿದೆ. ಈ ವಾದ ತಪ್ಪು.

ಏಳು ಪಿಎಂ ಮಿತ್ರ ಜವಳಿ ಪಾರ್ಕುಗಳಿಗೆ ಕೇಂದ್ರ ಸರ್ಕಾರ 4,445 ಕೋಟಿ ರೂಪಾಯಿ ಇಟ್ಟಿದೆ. 2023ರಲ್ಲಿ ನಮ್ಮ ರಾಜ್ಯದಿಂದ ಕಲಬುರಗಿ ಆಯ್ಕೆಯಾಯಿತು. ಆಗಲಿ, ಸಂತೋಷ. ಆದರೆ ರಬಕವಿ-ಬನಹಟ್ಟಿಯಲ್ಲಿ, ನಿಪ್ಪಾಣಿ ಕಡೆಯ ಮಾಣಕಾಪುರದಲ್ಲಿ ಮಗ್ಗ ಸದ್ದು ಮಾಡುವುದು ಓಣಿಗಳೊಳಗೆ. ಮನೆಯ ಹೆಣ್ಣುಮಕ್ಕಳು ಕಂಡಿಕೆ ಸುತ್ತುತ್ತಾರೆ. ಎಷ್ಟೋ ಕಡೆ ನೂಲು ಕೆಲಸ ಕೊಡುವ ಮಾಲೀಕರದು, ಮಾರಾಟವೂ ಅವರದೇ. ನೇಕಾರನಿಗೆ ಉಳಿಯುವುದು ಮಜೂರಿ. ನೂಲಿನ ದರ ಏರಿತೆಂದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಈ ಮನೆ ಬಿಟ್ಟು ಕಲಬುರಗಿಗೆ ಹೋಗಿ ದುಡಿ ಎನ್ನುವುದು ಪರಿಹಾರವಲ್ಲ.

ಕೈಮಗ್ಗದ ಇಳಕಲ್ ಸೀರೆಯನ್ನೇ ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕಬೇಕು. ಆ ಬೆರಳುಗಳ ಕೆಲಸವನ್ನು ಯಾವ ಪಾರ್ಕೂ ಕಲಿಸದು. ಇಂಥ ಕೆಲಸ ಉಳಿಯಲೆಂದು ಕೈಮಗ್ಗಕ್ಕೆ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾಯ್ದೆ 1985ರಿಂದಲೇ ಇದೆ, ಆದರೆ ಜಾರಿಯಲ್ಲಿ ಬಿಗಿಯಿಲ್ಲ.

10 ಎಚ್‌ಪಿವರೆಗಿನ ವಿದ್ಯುತ್ ಮಗ್ಗಗಳಿಗೆ ರಾಜ್ಯ ಸರ್ಕಾರ ಕೊಟ್ಟ ಉಚಿತ ವಿದ್ಯುತ್ತು ಒಳ್ಳೆಯ ಹೆಜ್ಜೆ. ಮುಂದಿನದು ನೂಲು. ತಾಲ್ಲೂಕಿಗೊಂದು ನೂಲಿನ ಡಿಪೊ ತೆರೆದು, ನಿಗದಿತ ದರಕ್ಕೆ ನೇಕಾರನ ಕೈಗೇ ನೂಲು ಕೊಡಿ.