ಗಡಿಯಲ್ಲಿ ಅಳೆಯೋ ನೀರನ್ನ ನಮ್ಮ ಹೊಸ್ತಿಲಲ್ಲೂ ಅಳೀರಿ

ಪ್ರತಿ ಮಳೆಗಾಲ ನಮಗೆ ಡೆಸ್ಕ್‌ನಿಂದ ಬರೋ ಫೋನು ಒಂದೇ. "ಹದಿನಾರು ಕಾಲು ಮಂಟಪ ಮುಳುಗಿತಾ? ಫೋಟೋ ಕಳಿಸಿ." ನಾವೂ ಮಳೆಕೋಟು ಹಾಕ್ಕೊಂಡು ನಂಜನಗೂಡಿನ ಸ್ನಾನಘಟ್ಟಕ್ಕೆ ಓಡ್ತೀವಿ. ಮಂಟಪದ ಒಂದು ಫೋಟೋ, ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿ ಮೇಲೆ ನೀರು ಹರಿಯೋ ಒಂದು ವಿಡಿಯೋ. ಕೆಳಗೆ ಒಂದು ಸಾಲು: ಕಬಿನಿಯಿಂದ ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡುಗಡೆ, ನದಿ ಪಾತ್ರದ ಜನ ಎಚ್ಚರಿಕೆಯಿಂದ ಇರಲು ಸೂಚನೆ. ಮುಗೀತು ನಮ್ಮ ಪತ್ರಿಕೋದ್ಯಮ.

ಒಂದು ಸಲ ಹೀಗೇ ಹೋದಾಗ ಹಳ್ಳದಕೇರಿಯಲ್ಲಿ ಒಬ್ಬರು ಅಜ್ಜಿ ಅಕ್ಕಿ ಚೀಲ ಅಟ್ಟದ ಮೇಲೆ ಏರಿಸ್ತಾ ಇದ್ರು. ಮೈಕಿನ ಆಟೋ ಆಗಷ್ಟೇ ಹೋಗಿತ್ತು. ಎಷ್ಟು ನೀರು ಬರ್ತಿದೆ ಅಂತ ನಾವು ದೊಡ್ಡ ವಿಷಯ ಹೇಳೋರ ಥರ ಹೇಳಿದ್ವಿ. ಅಜ್ಜಿ ತಿರುಗಿ ಕೇಳಿದ್ರು: "ಕ್ಯೂಸೆಕ್ಕು ಗೀಸೆಕ್ಕು ನಂಗೊತ್ತಿಲ್ಲ ಕನಪ್ಪ. ನೀರು ನಮ್ಮ ಹೊಸ್ಲುಗೆ ಬತ್ತದಾ, ಇಲ್ವಾ? ಅಷ್ಟ್ ಯೋಳು."

ನಮಗೆ ಹೇಳೋಕೆ ಆಗಲಿಲ್ಲ. ಈ ಬರಹ ಆ ಪ್ರಶ್ನೆಯ ಬಗ್ಗೆ.

ನಂಜನಗೂಡು, ಟಿ. ನರಸೀಪುರ ಗಡಿ ಊರು ಅಂತ ಯಾರೂ ಅನ್ನಲ್ಲ. ಆದರೆ ಇಲ್ಲಿ ಹರಿಯೋದು ಗಡಿ ನೀರು. ಕಬಿನಿ ಹುಟ್ಟೋದು ಕೇರಳದ ವಯನಾಡಿನಲ್ಲಿ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿ ಅಣೆಕಟ್ಟೆ ದಾಟಿ ನಂಜನಗೂಡಿಗೆ ಬಂದು, ಸುತ್ತೂರು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿ ಸೇರಿ, ಕೊನೆಗೆ ತಮಿಳುನಾಡಿಗೆ ಹೋಗುತ್ತೆ. (ಮುಳುಗು ಹಾಕೋರಿಗೆ ಕಪಿಲೆ, ಗೇಟು ಎತ್ತೋರಿಗೆ ಕಬಿನಿ. ನದಿ ಒಂದೇ.)

ಈ ನೀರನ್ನ ಅಳೆಯೋಕೆ ಜನ ಇಲ್ಲ ಅಂತ ಮಾತ್ರ ಹೇಳಬೇಡಿ. ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ವಯನಾಡಿನ ಮುತ್ತಂಕೆರದಲ್ಲಿದೆ, ಟಿ. ನರಸೀಪುರದಲ್ಲಿದೆ, ಕೊಳ್ಳೇಗಾಲದಲ್ಲಿದೆ, ತಮಿಳುನಾಡು ಗಡಿಯ ಬಿಳಿಗುಂಡ್ಲುವಿನಲ್ಲಿದೆ. ಬಿಳಿಗುಂಡ್ಲು ದಾಟೋ ನೀರಿಗಂತೂ ದಿನದಿನದ ಲೆಕ್ಕ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟು, ವರ್ಷಕ್ಕೆ 177.25 ಟಿಎಂಸಿ ಅಲ್ಲಿ ಹರಿಸಬೇಕು ಅಂತು. ಆ ತೀರ್ಪು ಬರೆಯುವಾಗ ಕೋರ್ಟು ನೋಡಿದ್ದು 1966ರ ಹೆಲ್ಸಿಂಕಿ ನಿಯಮಗಳನ್ನ. ಅಂದ್ರೆ ದೇಶ ದೇಶಗಳ ನಡುವೆ ಹರಿಯೋ ನದಿಗೆ ಮಾಡಿದ ನಿಯಮ. ನಮ್ಮ ಸ್ನಾನಘಟ್ಟದ ನೀರು ಹಂಚೋಕೆ ಅಂತರರಾಷ್ಟ್ರೀಯ ಕಾನೂನು ಬೇಕಾಯ್ತು. ಆ ಮಟ್ಟದ ಲೆಕ್ಕಾಚಾರ ಗೊತ್ತಿರೋ ವ್ಯವಸ್ಥೆಗೆ ಹಳ್ಳದಕೇರಿ ಅಜ್ಜಿಯ ಹೊಸ್ತಿಲ ಲೆಕ್ಕ ಗೊತ್ತಿಲ್ಲ ಅಂದ್ರೆ ನಾವು ನಂಬಬೇಕಾ?

ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, 28 ಲೀಟರು ಚಿಲ್ಲರೆ. ಎರಡು ಕೊಡ ಅಂತ ಇಟ್ಟುಕೊಳ್ಳಿ. 50,000 ಕ್ಯೂಸೆಕ್ ಬಿಟ್ಟರು ಅಂದ್ರೆ ಒಂದೊಂದು ಸೆಕೆಂಡಿಗೂ ಒಂದು ಲಕ್ಷ ಕೊಡ ನೀರು ಕೆಳಗೆ ಬಂತು. ಒಂದಿಡೀ ದಿನ ಹಾಗೇ ಬಿಟ್ಟರೆ 4.32 ಟಿಎಂಸಿ. ಕಬಿನಿ ಜಲಾಶಯದ ಒಟ್ಟು ಸಾಮರ್ಥ್ಯವೇ 19.52 ಟಿಎಂಸಿ. ಚಿಕ್ಕ ಅಣೆಕಟ್ಟೆ, ಬೇಗ ತುಂಬುತ್ತೆ. ವಯನಾಡಿನಲ್ಲಿ ಮಳೆ ಜೋರಾಯ್ತು ಅಂದ್ರೆ ಗೇಟು ಎತ್ತದೇ ಬೇರೆ ದಾರಿ ಇಲ್ಲ. ಅದಕ್ಕೆ ಎಂಜಿನಿಯರುಗಳನ್ನ ಬೈಯೋದು ನ್ಯಾಯ ಅಲ್ಲ, ನಾವು ಬೈಯ್ತಾನೂ ಇಲ್ಲ.

ನಮ್ಮ ಜಗಳ ಬೇರೆ. 2023ರ ಸೆಪ್ಟೆಂಬರಿನಲ್ಲಿ 5,000 ಕ್ಯೂಸೆಕ್ ಬಿಡಿ ಅಂದಿದ್ದಕ್ಕೆ ರಾಜ್ಯ ಬಂದ್ ಆಯ್ತು, ಟಿವಿಯಲ್ಲಿ ಬೆಳಗಿಂದ ರಾತ್ರಿವರೆಗೆ ಅದೇ. ಇರಲಿ, ಬರಗಾಲದಲ್ಲಿ ನಮ್ಮ ರೈತರೂ ಬೀದಿಗೆ ಬಂದಿದ್ರು. ಆದರೆ 2018ರ, 2019ರ ಆಗಸ್ಟಿನಲ್ಲಿ ಅದರ ಎಷ್ಟೋ ಪಟ್ಟು ನೀರು ನಂಜನಗೂಡಿನ ಬೀದಿಗೆ ನುಗ್ಗಿತು, ಮೈಸೂರು ರಸ್ತೆ ಬಂದ್ ಆಯ್ತು. ಆ ಬಂದ್‌ಗೆ ಯಾರೂ ಕರೆ ಕೊಟ್ಟಿರಲಿಲ್ಲ, ಯಾರೂ ಚರ್ಚೆಗೂ ಕೂರಲಿಲ್ಲ. ಹಳ್ಳದಕೇರಿ, ತೋಪಿನ ಬೀದಿ, ಸರಸ್ವತಿ ಕಾಲೊನಿ ತೊಳ್ಕೊಂಡು ಹೋದ ನೀರು ಬಿಳಿಗುಂಡ್ಲುವಿನಲ್ಲಿ ಮಾತ್ರ ತಪ್ಪದೇ ಲೆಕ್ಕಕ್ಕೆ ಸೇರಿತು.

1924ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನ, ಮದ್ರಾಸು ಸರ್ಕಾರ ಕಾವೇರಿ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ವರ್ಷ ಜುಲೈನಲ್ಲಿ ಕೇರಳದಲ್ಲಿ, ಕಾವೇರಿ ಸೀಮೆಯಲ್ಲಿ ಮಹಾ ಪ್ರವಾಹ. ಒಪ್ಪಂದದ ಒಂದೊಂದು ಸಾಲಿನ ಮೇಲೆ ನೂರು ವರ್ಷ ವಾದ ನಡೀತು. ಆ ನೀರು ನಮ್ಮೂರಲ್ಲಿ ಯಾವ ಮೆಟ್ಟಿಲವರೆಗೆ ಬಂದಿತ್ತು ಅಂತ ನೀವು ಇಲ್ಲಿ ಯಾರನ್ನಾದ್ರೂ ಕೇಳಿ ನೋಡಿ.

ನಾವು ಕೇಳ್ತಿರೋದು ದೊಡ್ಡದಲ್ಲ. ದೆಹಲಿಯಲ್ಲಿ ಯಮುನೆ ಉಕ್ಕಿದಾಗ ಟಿವಿಯವರು ಹೇಳೋದನ್ನ ಗಮನಿಸಿದ್ದೀರಾ? ಹಳೇ ರೈಲು ಸೇತುವೆ ಹತ್ತಿರ ಅಪಾಯದ ಮಟ್ಟ 205.33 ಮೀಟರು, ಈಗ ನೀರು ಇಷ್ಟಿದೆ. 2023ರ ಜುಲೈನಲ್ಲಿ 208.66 ಮುಟ್ಟಿದಾಗ ದೆಹಲಿಯ ಮಕ್ಕಳಿಗೂ ಆ ಸಂಖ್ಯೆ ಬಾಯಿಪಾಠ. ಥಾಯ್ಲೆಂಡಿನಲ್ಲಿ ನೊಂಗ್ ಖಾಯ್ ಅಂತ ಒಂದು ಊರಿದೆ, ಮೆಕಾಂಗ್ ನದಿ ದಡದಲ್ಲಿ. ಆಚೆ ದಡ ಲಾವೋಸ್ ದೇಶ. ಅಲ್ಲೂ ನದಿ ಎಷ್ಟು ಮೀಟರಿಗೆ ಬಂದರೆ ಎಚ್ಚರಿಕೆ, ಎಷ್ಟಕ್ಕೆ ಪ್ರವಾಹ ಅಂತ ಮೊದಲೇ ಗೊತ್ತುಮಾಡಿ ಇಟ್ಟಿದ್ದಾರೆ, ಮೆಕಾಂಗ್ ನದಿ ಆಯೋಗದವರು ದಿನವೂ ನೀರಿನ ಮಟ್ಟ ಹೇಳ್ತಾರೆ.

ನಮ್ಮಲ್ಲೂ ಹಳೇ ಸೇತುವೆ ಇದೆ. 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದು, ಒಂದು ಕಾಲಕ್ಕೆ ಅದರ ಮೇಲೆ ರೈಲೂ ಓಡ್ತಿತ್ತು. ಆ ಸೇತುವೆ ಕಂಬಕ್ಕೆ ದೊಡ್ಡದಾಗಿ ಮಟ್ಟ ಬರೀರಿ. ಸ್ನಾನಘಟ್ಟದ ಮೆಟ್ಟಿಲಿಗೆ, ತಗ್ಗು ಬೀದಿಗಳ ಲೈಟು ಕಂಬಕ್ಕೆ, ಸುತ್ತೂರು ಸೇತುವೆಗೆ, ಟಿ. ನರಸೀಪುರದಲ್ಲಿ ಸಂಗಮದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಕೆಳಗೆ ಬಣ್ಣದ ಗುರುತು ಹಾಕಿ. ಇಷ್ಟು ಸಾವಿರ ಬಿಟ್ಟರೆ ಮಂಟಪ ಮುಳುಗುತ್ತೆ, ಇಷ್ಟಕ್ಕೆ ಈ ಬೀದಿಯ ಮೊದಲ ಮನೆ, ಇಷ್ಟಕ್ಕೆ ಹೆದ್ದಾರಿ ಬಂದ್. ಮೈಕಿನಲ್ಲಿ "ನದಿ ಪಾತ್ರದ ಜನ" ಅನ್ನೋ ಬದಲು "ಕೆಂಪು ಗುರುತಿನವರೆಗೆ ಬರುತ್ತೆ, ಸಂಜೆಯೊಳಗೆ ಹೊರಡಿ" ಅನ್ನಿ. ಬೇಕಾಗೋದು ಹಳೇ ದಾಖಲೆ, ಒಬ್ಬ ಸರ್ವೇಯರು, ನಾಲ್ಕು ಡಬ್ಬ ಬಣ್ಣ. 1989ರಿಂದ ಟಿ. ನರಸೀಪುರದಲ್ಲಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ಮಾಡ್ತಾರಲ್ಲ, ಆ ಮೂರು ದಿನ ಇಡೀ ಸರ್ಕಾರ ಸಂಗಮದ ದಡದಲ್ಲೇ ನಿಂತಿರುತ್ತೆ. ಅದರಲ್ಲಿ ಒಂದು ದಿನದ ಕೆಲಸ ಇದು.

"ನದಿ ಪಕ್ಕ ಮನೆ ಕಟ್ಟು ಅಂತ ಹೇಳಿದ್ಯಾರು?" ಅನ್ನೋರು ಇದ್ದಾರೆ. ಪ್ರತಿ ಸಲ ಪೋಸ್ಟ್ ಹಾಕಿದಾಗಲೂ ಇದೊಂದು ಮಾತು ಬಂದೇ ಬರುತ್ತೆ. ಬೇರೆ ಜಾಗ ತಗೊಳ್ಳೋ ಕಾಸಿದ್ದವರು ಆ ಬೀದಿಗಳಲ್ಲಿ ಇರ್ತಿದ್ರಾ ಸ್ವಾಮಿ? ಜಾಗ ಕೊಟ್ಟು ಕಳಿಸೋದಾದ್ರೆ ಕಳಿಸಲಿ. ಅಲ್ಲಿವರೆಗೆ ನೀರು ಎಷ್ಟು ಬರುತ್ತೆ ಅಂತಾದ್ರೂ ಹೇಳಲಿ.

ಕೊಳಕಿನ ಕಥೆಯೂ ಇದೇ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ ಪಾಲು 17. ಅದರಲ್ಲಿ ಕಬಿನಿಯೂ ಇತ್ತು, ಕಾವೇರಿಯೂ ಇತ್ತು. ನೀರು ಕಮ್ಮಿ ಹರಿದರೆ ಕೋರ್ಟು ಕೇಳುತ್ತೆ, ಪ್ರಾಧಿಕಾರ ಸಭೆ ಕರೆಯುತ್ತೆ. ಕೊಳಕು ಹರಿದರೆ ಪಟ್ಟಿ ಆಗುತ್ತೆ ಅಷ್ಟೆ. ಬೆಂಗಳೂರಿನವರು ನಗಬೇಡಿ. ನಿಮ್ಮ ನಲ್ಲಿಗೆ ಕಾವೇರಿ ನೀರು ಎತ್ತೋದು ನಮ್ಮ ಸಂಗಮ ದಾಟಿದ ಮೇಲೆ, ಮಳವಳ್ಳಿ ತಾಲ್ಲೂಕಿನಲ್ಲಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ತೀವಿ. ಇಷ್ಟು ವರ್ಷ ಮಂಟಪದ ಫೋಟೋ ಕಳಿಸಿದ್ವಿ, ಯಾವ ಮನೆಯ ಗೋಡೆಯನ್ನೂ ಅಳೆಯಲಿಲ್ಲ. ಈಗ ಶುರು ಮಾಡಿದ್ದೀವಿ, ಟೇಪು ಹಿಡ್ಕೊಂಡು ಬೀದಿ ಬೀದಿ ತಿರುಗ್ತಿದ್ದೀವಿ. ನಿಮ್ಮ ಮನೆ ಗೋಡೆ ಮೇಲೆ 2018ರದ್ದೋ 2019ರದ್ದೋ ನೀರಿನ ಗುರುತು ಇನ್ನೂ ಉಳಿದಿದ್ರೆ, ನೆಲದಿಂದ ಎಷ್ಟು ಅಡಿ ಅಂತ ಅಳೆದು, ಬೀದಿ ಹೆಸರು, ವರ್ಷ ಬರೆದು, ಫೋಟೋ ತೆಗೆದು ನಮಗೆ ಕಳಿಸಿ. ಎಲ್ಲಾ ಸೇರಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಡ್ತೀವಿ. ಜಾತ್ರೆಗೆ ಅಂತ ಸುಣ್ಣ ಹೊಡೆಯೋಕೆ ಮುಂಚೆ ಅಳೀರಿ.