ಗೂಳಿಗಳ ಮೇಲೆ ನೂರು ಹುಣಸೆಬೀಜ



2025ರ ಆಗಸ್ಟ್‌ನಲ್ಲಿ ಎರಡು ಕಾಗದ ಒಟ್ಟಿಗೇ ಬಂದಿದ್ದವು. ಒಂದು ಗಂಗಾವತಿಯ ಏಳನೇ ತರಗತಿಯ ಹುಡುಗನದು. ‘ಈ ಸಲವಾದರೂ ಬೆಂಗಳೂರು ಬುಲ್ಸ್ ಗೆಲ್ಲುತ್ತದಾ? ನನ್ನ ಫ್ಯಾಂಟಸಿ ತಂಡಕ್ಕೆ ಯಾರನ್ನು ತೊಗೊಳ್ಳಲಿ?’ ಎಂದು ಕೇಳಿದ್ದಾನೆ. ಇನ್ನೊಂದು ಯಲಬುರ್ಗಾದ ಅಜ್ಜಿಯದು. ‘ಮೊಮ್ಮಗ ಫೋನಿನಾಗ ಕಬಡ್ಡಿ ತಂಡ ಕಟ್ಟತೀನಿ ಅಂತಾನ. ಇದು ಇಸ್ಪೀಟಿನಂಗ ಜೂಜಲ್ಲೇನ್ರೀ?’ ಇಬ್ಬರಿಗೂ ಒಟ್ಟಿಗೇ ಉತ್ತರ ಬರೆಯುತ್ತೇನೆ.

ಮೊದಲು ಹುಡುಗನ ಪ್ರಶ್ನೆ. ಪ್ರೊ ಕಬಡ್ಡಿಯ 12ನೇ ಆವೃತ್ತಿ 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಶುರುವಾಯಿತು. 12 ತಂಡಗಳು, ಒಂದೊಂದಕ್ಕೆ 18 ಪಂದ್ಯ. ನಮ್ಮ ಗೂಳಿಗಳು ಮೊದಲ ರಾತ್ರಿಯೇ ಪುಣೇರಿ ಪಲ್ಟನ್ ಎದುರು ಅಂಕಣಕ್ಕೆ ಇಳಿದರು.

2024ರ ಕಥೆ ನಿಮಗೇ ಗೊತ್ತು. 22 ಪಂದ್ಯದಲ್ಲಿ ಗೆದ್ದದ್ದು ಎರಡೇ ಎರಡು. ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. 2019ರ ಜನವರಿಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದ ತಂಡ ಇದೇನಾ ಎನ್ನುವ ಹಾಗಾಗಿತ್ತು. ಆ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದಿದ್ದರು.

ಅದಕ್ಕೇ 12ನೇ ಆವೃತ್ತಿಗೆ ಮನೆಯನ್ನು ಬುನಾದಿಯಿಂದಲೇ ಕಟ್ಟಿದರು. ಮೊದಲ ಆವೃತ್ತಿಯಿಂದ ಇದ್ದ ಕೋಚ್ ರಣಧೀರ್ ಸಿಂಗ್ ಅವರ ಜಾಗಕ್ಕೆ ಅರ್ಜುನ ಪ್ರಶಸ್ತಿ ಪಡೆದ ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಬಂದರು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೆಗೆ ಕಪ್ ಗೆಲ್ಲಿಸಿಕೊಟ್ಟವರು ಇವರು. ತಾವೇ ತಿದ್ದಿ ಬೆಳೆಸಿದ ಪುಣೆ ತಂಡವನ್ನೇ ಮೊದಲ ದಿನ ಎದುರಿಸಬೇಕಾಗಿತ್ತು!

ಆಟಗಾರರನ್ನು ಆರಿಸಿದ್ದು 2025ರ ಮೇ 31, ಜೂನ್ 1ರ ಮುಂಬೈ ಹರಾಜಿನಲ್ಲಿ. ರೈಟ್ ಕಾರ್ನರ್‌ನ ಯೋಗೇಶ್ ದಹಿಯಾ ಅವರಿಗೆ 1 ಕೋಟಿ 12 ಲಕ್ಷಕ್ಕೂ ಹೆಚ್ಚು ಕೊಟ್ಟರು. ಲೆಫ್ಟ್ ಕಾರ್ನರ್‌ಗೆ ಅಂಕುಶ್ ರಾಠಿ; ಆಗ ನಾಯಕರೂ ಅವರೇ ಆಗಿದ್ದರು. ಜೈಪುರ ಕಪ್ ಗೆದ್ದ 2022ರ ತಂಡದಲ್ಲಿದ್ದವರು. ಎರಡೂ ಮೂಲೆಯ ಗೂಟ ಗಟ್ಟಿಯಾಗಿದ್ದರೆ ಹಂದರ ನಿಲ್ಲುತ್ತದೆ ಎನ್ನುವುದು ರಮೇಶ್ ಅವರ ಲೆಕ್ಕವಿರಬೇಕು.

ನನಗೆ ಅನುಮಾನ ಇದ್ದದ್ದು ರೈಡಿಂಗ್ ಬಗ್ಗೆ. ಪುಣೆಯಲ್ಲಿ ರಮೇಶ್ ಅವರ ಕೈಯಲ್ಲೇ ಆಡಿದ ಆಕಾಶ್ ಶಿಂದೆ ಇದ್ದರು, ಇರಾನಿನ ಅಲಿರೆಜಾ ಮಿರ್ಜೈಯನ್ ಇದ್ದರು. ಆದರೆ ಕೊನೆಯ ಎರಡು ನಿಮಿಷದಲ್ಲಿ ‘ನಾನು ಹೋಗ್ತೀನಿ’ ಎಂದು ಮುಂದೆ ಬರುವವರು ಯಾರು? ಅದು ಆಡಿಯೇ ತಿಳಿಯಬೇಕಿತ್ತು. ಗಣೇಶ ಹನಮಂತಗೋಳ, ಸತ್ಯಪ್ಪ ಮಟ್ಟಿ ಎಂಬ ಹೆಸರುಗಳೂ ತಂಡದಲ್ಲಿದ್ದವು. ಅಡ್ಡಹೆಸರು ಓದಿದರೇ ನಮ್ಮ ಕಡೆಯ ಮಣ್ಣಿನ ವಾಸನೆ ಬರುತ್ತದೆ.

ಇದೇ ಹರಾಜಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ರೈಡಿಂಗ್‌ನಲ್ಲಿ 1,800 ಪಾಯಿಂಟ್ ಕಂಡ ಒಬ್ಬನೇ ಆಟಗಾರ, 2024ರಲ್ಲಿ ಬುಲ್ಸ್ ನಾಯಕರಾಗಿದ್ದ ಪರ್ದೀಪ್ ನರ್ವಾಲ್ ಅವರನ್ನು ಯಾರೂ ಕೊಳ್ಳಲಿಲ್ಲ. ಅವರು ಆಟಕ್ಕೇ ವಿದಾಯ ಹೇಳಿಬಿಟ್ಟರು. ಆದ್ದರಿಂದ ಮರಿ, ತಂಡ ಕಟ್ಟುವಾಗ ಹೆಸರು ನೋಡಬೇಡ, ಈಗಿನ ಕಾಲು ನೋಡು.

ನನ್ನ ಅಂದಾಜು ಕೇಳಿದರೆ, ಆ ಸಲ ಕಪ್ ದೂರದ ಮಾತಾಗಿತ್ತು. ಆದರೆ ಮೊದಲ ಎಂಟರೊಳಗೆ ಬಂದರೆ ಮುಂದಿನ ಹಂತದ ಬಾಗಿಲು ತೆರೆಯುತ್ತಿತ್ತು. ಅಷ್ಟು ಶಕ್ತಿ ಆ ತಂಡಕ್ಕಿತ್ತು.

ಈಗ ಯಲಬುರ್ಗಾದ ಅಜ್ಜಿಗೆ. ಅಮ್ಮಾ, ಯಾರು ಚೆನ್ನಾಗಿ ಆಡುತ್ತಾರೆಂದು ಊಹಿಸುವುದು ಜೂಜಲ್ಲ. ಜಾತ್ರೆಯ ಹೊನಲು ಬೆಳಕಿನ ಕಬಡ್ಡಿಯಲ್ಲಿ ನಾವೂ ಊಹಿಸಿದವರೇ. ಅದಕ್ಕೆ ದುಡ್ಡು ಕಟ್ಟಿದಾಗ ಜೂಜಿನ ದಾರಿ ಶುರು. ಕುಷ್ಟಗಿ ಕಡೆಯ ಪರಿಚಯದ ಹುಡುಗನೊಬ್ಬ 50 ರೂಪಾಯಿಯಿಂದ ಹಿಡಿದು ಕಾಲೇಜಿನ ಫೀಸಿನವರೆಗೆ ಫೋನಿನಲ್ಲಿ ಕಳೆದ. ಅಪ್ಪ ಮಾರಿದ್ದು ಎರಡು ಚೀಲ ಶೇಂಗಾ ಅಲ್ಲ, ಹಾಲು ಕೊಡುತ್ತಿದ್ದ ಎಮ್ಮೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಕಾನೂನು ಬಂತೆಂದು ನಾವು ಕಣ್ಣು ಮುಚ್ಚಿ ಕೂರುವಂತಿಲ್ಲ. ಮೊಮ್ಮಗನಿಂದ ಆಟ ಕಿತ್ತುಕೊಂಡರೆ ಅವನು ಬಚ್ಚಿಟ್ಟು ಆಡುತ್ತಾನೆ. ನೀವೇ ಅವನ ಎದುರಾಳಿಯಾಗಿ ಕೂತುಬಿಡಿ.

ಹೇಗೆ ಅಂತೀರಾ? ಕಟ್ಟಿಮನೆ ಆಡಲು ಇಟ್ಟ ಹುಣಸೆಬೀಜ ಇದ್ದೇ ಇರುತ್ತವಲ್ಲ, ತಲಾ 100 ಎಣಿಸಿಕೊಳ್ಳಿ. ಅವತ್ತು ಆಡುವ ಎರಡೂ ತಂಡಗಳ ಆಟಗಾರರ ಹೆಸರನ್ನು ಚೀಟಿಯಲ್ಲಿ ಬರೆದು ಹರಾಜು ಕೂಗಿ. ಒಬ್ಬೊಬ್ಬರು ಐದು ಆಟಗಾರರನ್ನು ಕೊಳ್ಳಬೇಕು. ಅವರಲ್ಲಿ ಇಬ್ಬರಾದರೂ ರೈಡರ್, ಇಬ್ಬರಾದರೂ ಹಿಡಿಯುವವರು ಇರಬೇಕು. ರೈಡಿನ ಪ್ರತಿ ಪಾಯಿಂಟಿಗೆ 1 ಅಂಕ, ಹಿಡಿದ ಪ್ರತಿ ಪಾಯಿಂಟಿಗೆ 2 ಅಂಕ. ಹಿಡಿತಕ್ಕೆ ಎರಡು ಯಾಕೆ? ಒಳ್ಳೆಯ ರೈಡರ್ ಒಂದು ಪಂದ್ಯದಲ್ಲಿ 8-10 ತರುತ್ತಾನೆ. ಒಳ್ಳೆಯ ಕಾರ್ನರ್ 4 ತಂದರೂ ದೊಡ್ಡದು. ಹೀಗೆ ಎಣಿಸಿದರೆ ಇಬ್ಬರ ದುಡಿಮೆಗೂ ಬೆಲೆ ಸಿಗುತ್ತದೆ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್. ಅದಕ್ಕೆ 2 ಪಾಯಿಂಟ್, ಅಂದರೆ ನಮ್ಮ ಲೆಕ್ಕದಲ್ಲಿ 4 ಅಂಕ.

ಹುಡುಗರೆಲ್ಲ ರೈಡರ್‌ಗಳಿಗೇ ಬೀಜ ಸುರಿಯುತ್ತಾರೆ. ಅಜ್ಜಿ, ನೀವು ಸುಮ್ಮನೆ ಕೂತು ಅಂಕುಶ್, ಯೋಗೇಶ್ ಇಬ್ಬರನ್ನೂ ಅಗ್ಗಕ್ಕೆ ಹೊಡೆದುಕೊಳ್ಳಿ. ಈ ಗುಟ್ಟು ಮೊಮ್ಮಗನಿಗೆ ಹೇಳಬೇಡಿ.

ಸೋತವರು ಮರುದಿನ ಗೆದ್ದವರಿಗೆ ಒಂದು ಕಥೆ ಹೇಳಬೇಕು. ಬೀಜ ಮಾತ್ರ ಪಂದ್ಯ ಮುಗಿದ ಮೇಲೆ ಎಣಿಸಿ ಡಬ್ಬಿಗೆ ಹಾಕಿಡಿ, ನಾಳೆಗೂ ಬೇಕು.